ಗೌಡರ ಟ್ರಂಕಿನ ಮುಚ್ಚಳಿಕೆಗಳು

ಪೋಲೀಸು ಕೆಲಸವೆಂದರೆ ಲಾಠಿ, ಪೇಟ, ಬೂಟು ಎಂದುಕೊಂಡು ಸೇರುವ ಹುಡುಗರು ಈಗಲೂ ಇದ್ದಾರೆ. ನಮ್ಮ ಬೀದಿಯಲ್ಲೇ ಇಬ್ಬರಿದ್ದಾರೆ. ಎದೆಯಳತೆ ಸಾಲದೆಂದು ಬೆಳಿಗ್ಗೆ ಎದ್ದು ದಂಡ ಹೊಡೆಯುತ್ತಾರೆ. ಎದೆ ಹೇಗೋ ಉಬ್ಬುತ್ತದೆ ಕಣ್ರಪ್ಪ, ಮೊದಲು ಅಕ್ಷರ ದುಂಡಗೆ ಮಾಡಿಕೊಳ್ಳಿ ಎಂದು ನಾನು ಅವರಿಗೆ ಹೇಳುತ್ತಿರುತ್ತೇನೆ. ಪೋಲೀಸು ಕೆಲಸ ಮುಕ್ಕಾಲುಪಾಲು ಬರೆಯುವ ಕೆಲಸ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಠಾಣೆಗಳಲ್ಲಿ ರೈಟರಾಗಿ ಬರೆದೂ ಬರೆದೂ ಬಲಗೈಯ ನಡುಬೆರಳು ಸೊಟ್ಟಗಾದವನು ನಾನು. ಒಬ್ಬ ಕಳ್ಳನನ್ನೂ ಓಡಿಹೋಗಿ ಹಿಡಿಯಲಿಲ್ಲ. ಯಾವಾಗ ದಫೇದಾರನಾದೆ, ಆಮೇಲೆ ಎಷ್ಟು ಮೆಟ್ಟಿಲು ಹತ್ತಿದೆ ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಹತ್ತಿದ್ದಕ್ಕಿಂತ ಒಮ್ಮೆ ಇಳಿದದ್ದೇ ಹೇಳುವಂಥದ್ದು.

ಸೇರಿದ ಹೊಸದರಲ್ಲಿ ಒಬ್ಬ ರೈತನ ಎತ್ತು ಕಳುವಾಯಿತು. ನಾನು ಬಹಳ ಉತ್ಸಾಹದಿಂದ ಅದರ ಚಹರೆ ಬರೆದೆ. ಕೊಂಬಿನ ಬಾಗು, ಬಾಲದ ಕುಚ್ಚು, ಬೆನ್ನ ಮೇಲಿನ ಸುಳಿ, ಗೊರಸಿನ ಬಣ್ಣ, ಒಂದನ್ನೂ ಬಿಡಲಿಲ್ಲ. ಎತ್ತು ನಾಲ್ಕೇ ದಿನದಲ್ಲಿ ಸಿಕ್ಕಿತು. ಯಾರಿಗೆ ಕೊಡಬೇಕೆಂದು ಪುಸ್ತಕ ತೆಗೆದರೆ ಯಜಮಾನನ ಹೆಸರೇ ಇಲ್ಲ. ಅವನಾಗಿ ಬರುವ ತನಕ ಠಾಣೆಯ ಹಿಂದೆ ಆ ಎತ್ತಿಗೆ ನಾನೇ ಹುಲ್ಲು ಹಾಕಿದೆ. ಆಗಿನ ಇನ್ಸ್‌ಪೆಕ್ಟರು ಮೈಸೂರಿನವರು, ಮಾತು ಕಡಿಮೆ. ತಪಾಸಣೆಗೆ ಬಂದವರು ಎತ್ತನ್ನು ನೋಡಿದರು, ನನ್ನನ್ನು ನೋಡಿದರು, "ಇಬ್ಬರಲ್ಲಿ ಯಾರು ರೈಟರು?" ಎಂದು ಕೇಳಿ ಒಳಗೆ ಹೋದರು. ಅಂದಿನಿಂದ ನಾನು ಹೆಸರು ಬರೆಯದೆ ಎರಡನೇ ಸಾಲಿಗೆ ಹೋದವನಲ್ಲ.

ಅದಾದ ಕೆಲವು ಕಾಲಕ್ಕೆ ನಮ್ಮ ಠಾಣೆಗೆ ಸಬ್ ಇನ್ಸ್‌ಪೆಕ್ಟರಾಗಿ ಬಂದವರು ಪುಟ್ಟಚನ್ನೇಗೌಡರು. ಅದು ಮೂವತ್ತರ ದಶಕದ ಮೊದಲ ವರ್ಷಗಳು. ನಾಲೆಯ ನೀರು ಆಗತಾನೇ ಹೊಲಗಳಿಗೆ ಹರಿಯತೊಡಗಿ, ರಾಗಿ ಬೆಳೆಯುತ್ತಿದ್ದವರು ಕಬ್ಬಿನ ಮಾತಾಡತೊಡಗಿದ್ದರು. ಗೌಡರು ಇದೇ ಸೀಮೆಯ ಒಕ್ಕಲು ಮಕ್ಕಳು. ಆನೆಯಂಥ ಆಳು, ಕುರ್ಚಿಯಲ್ಲಿ ಹಿಡಿಸುತ್ತಿರಲಿಲ್ಲ. ಹಾಗಾಗಿ ಠಾಣೆಯ ಮುಂದಿನ ಹೊಂಗೆಮರದ ಬುಡಕ್ಕೆ ಚಾಪೆ ಹಾಕಿಸಿಕೊಂಡು ಅಲ್ಲೇ ಕೂರುವರು. ನನ್ನನ್ನು ಬಾಯ್ತುಂಬ "ಅಯ್ನೋರೇ" ಎನ್ನುವರು. ಕೈಕೆಳಗಿನವನೆಂದು ಒಂದು ದಿನವೂ ಏಕವಚನ ಆಡಲಿಲ್ಲ. ಯಾರ ಮೇಲೂ ಕೈ ಎತ್ತಿದ್ದನ್ನು ನಾನು ಕಾಣೆ. ಬಾಯಿ ಮಾತ್ರ ಮಂಡ್ಯದ ಬಾಯಿ, ಎದುರಿಗಿದ್ದವನ ಮೂರು ತಲೆಮಾರನ್ನು ತೊಳೆದು ಒಣಗಿಹಾಕುತ್ತಿತ್ತು.

ಅವರಿಗೆ ಕೇಸು ಬರೆಸುವುದೆಂದರೆ ಆಗದು. ಕೇಸಾದರೆ ಇಬ್ಬರ ಹೊಲವೂ ವಕೀಲರ ಪಾಲು, ಗೆದ್ದವನು ಸೋತ, ಸೋತವನು ಸತ್ತ ಎನ್ನುವರು. ಕೊತ್ತತ್ತಿಯ ಅಣ್ಣತಮ್ಮಂದಿರಿಬ್ಬರು ನಾಲೆ ನೀರಿನ ಸರದಿಗೆ ಗುದ್ದಲಿಯಲ್ಲಿ ಬಡಿದಾಡಿ, ನೆತ್ತಿಗೆ ಬಟ್ಟೆ ಸುತ್ತಿಕೊಂಡು ಬಂದರು. ಅಣ್ಣ ಬೋರಯ್ಯ, ತಮ್ಮ ಕರಿಯಯ್ಯ. ಗೌಡರು ಏನೂ ಕೇಳಲಿಲ್ಲ. ಮಧ್ಯಾಹ್ನದವರೆಗೆ ಬಿಸಿಲಲ್ಲಿ ಕೂರಿಸಿ, ತಮ್ಮ ಮನೆಯಿಂದ ಬಂದ ಮುದ್ದೆ ಸೊಪ್ಪಿನ ಸಾರನ್ನು ಒಂದೇ ತಟ್ಟೆಗೆ ಹಾಕಿಸಿ ಇಬ್ಬರ ನಡುವೆ ಇಟ್ಟರು. ಹಸಿವು ಮೊದಲು ಯಾರಿಗೆ ಹೆಚ್ಚಾಯಿತೋ ಕಾಣೆ, ತಟ್ಟೆ ಬರಿದಾಗುವ ಹೊತ್ತಿಗೆ ತಮ್ಮನ ಕಣ್ಣಲ್ಲಿ ನೀರಿತ್ತು. ಆಮೇಲೆ ನನ್ನನ್ನು ಕರೆದು ಮುಚ್ಚಳಿಕೆ ಬರೆಸಿದರು. ಮುಚ್ಚಳಿಕೆಯೆಂದರೆ, ಮಾಡಿದ ತಪ್ಪನ್ನು ಒಪ್ಪಿಕೊಂಡು ಇನ್ನು ಮೇಲೆ ಮಾಡುವುದಿಲ್ಲವೆಂದು ಹೆಬ್ಬೆಟ್ಟೊತ್ತಿ ಕೊಡುವ ಕಾಗದ. ಅದೊಂದು ಇದ್ದರೆ ಸಾಕು, ತಲೆತಿರುಕನೂ ಹದ್ದಿನಲ್ಲಿರುತ್ತಾನೆ ಎಂಬುದು ಗೌಡರ ಲೆಕ್ಕಾಚಾರ.

ನ್ಯಾಯವಾಗಿ ಅಂಥ ಕಾಗದ ಠಾಣೆಯ ದಫ್ತರಕ್ಕೆ ಸೇರಬೇಕು. ಸೇರಿಸಿದರೆ ಮೇಲಿನವರು ನೋಡುತ್ತಾರೆ, ನೋಡಿದರೆ ಕೇಸೇಕೆ ಹಾಕಲಿಲ್ಲ ಎನ್ನುತ್ತಾರೆ. ಹಾಗಾಗಿ ಗೌಡರು ಎಲ್ಲವನ್ನೂ ತಮ್ಮ ಸ್ವಂತ ತಗಡಿನ ಟ್ರಂಕಿಗೆ ಹಾಕುವರು. ನಮ್ಮ ಪುಸ್ತಕ ಖಾಲಿ ಇರುತ್ತಿತ್ತು. ಈ ಠಾಣೆಯ ಸರಹದ್ದಿನಲ್ಲಿ ಅಪರಾಧಗಳೇ ನಡೆಯುತ್ತಿಲ್ಲವೆಂದು ಮೇಲಿನವರು ಮೆಚ್ಚಿ ಬರೆದರು. ಮೆಚ್ಚುಗೆಯ ಕಾಗದ ಓದುವಾಗ ನನಗೆ ಒಳಗೊಳಗೇ ಬೆವರುತ್ತಿತ್ತು. ಆದರೂ ಒಂದು ಮಾತು ಎತ್ತಲಿಲ್ಲ. ಏಕೆಂದರೆ ನಾನು ಆ ಮನುಷ್ಯರನ್ನು ಪ್ರೀತಿಸುತ್ತಿದ್ದೆ. ಅವರು ಮಳವಳ್ಳಿ ಕಡೆಗೆ ವರ್ಗವಾದಾಗ ಕೇಳಿ ನನ್ನನ್ನೂ ಕರೆಸಿಕೊಂಡರು, ಅಲ್ಲಿಂದ ಮದ್ದೂರು ಕಡೆಗೂ ಹಾಗೆಯೇ. ಮೂರು ಠಾಣೆಗಳಲ್ಲೂ ಗಾಡಿಗೆ ಮೊದಲು ಏರುತ್ತಿದ್ದದ್ದು ಆ ಟ್ರಂಕು.

ಮಳವಳ್ಳಿ ಸೀಮೆಯಲ್ಲಿದ್ದಾಗಿನ ಒಂದು ಪ್ರಸಂಗವನ್ನು ಬಿಡಿಸಿ ಹೇಳಬೇಕು. ಬಂಡೂರಿನ ಪಟೇಲರ ಮನೆಯಲ್ಲಿ ಒಂದು ಟಗರಿತ್ತು. ಬಂಡೂರು ಕುರಿಯ ಜಾತಿ ಗೊತ್ತಿರುವವರಿಗೆ ಅದರ ಬೆಲೆ ಗೊತ್ತು. ಗಿಡ್ಡ ಕಾಲು, ಅಗಲ ಬೆನ್ನು, ಮಗುವಿನಂತೆ ಸಾಕುತ್ತಿದ್ದರು. ಅದು ಕಾಣೆಯಾಗಿ, ಮೂರನೇ ದಿನ ಮದ್ದೂರಿನ ಸಂತೆಯಲ್ಲಿ ಪತ್ತೆಯಾಯಿತು. ಕದ್ದವನು ಪಕ್ಕದ ಹಳ್ಳಿಯ ನಂಜುಂಡ, ಹದಿನೆಂಟರ ಆಳು. ಓದಿನಲ್ಲಿ ಚುರುಕು. ಮೇಷ್ಟ್ರ ತರಬೇತಿಗೆ ಮೈಸೂರಿಗೆ ಹೋಗಬೇಕೆಂಬ ಹುಚ್ಚು, ಕೈಯಲ್ಲಿ ಕಾಸಿಲ್ಲ. ಅವನ ತಾಯಿ ತಿಮ್ಮಕ್ಕ, ಗಂಡ ಸತ್ತವಳು, ಮಗನ ರಟ್ಟೆ ಹಿಡಿದು ತಾನೇ ಎಳೆದುಕೊಂಡು ಠಾಣೆಗೆ ಬಂದಳು.

ಗೌಡರು ಪಟೇಲರನ್ನು ಕರೆಸಿ, ಟಗರನ್ನು ಒಪ್ಪಿಸಿ, ರೇಗಿ, ನಗಿಸಿ, ಕೊನೆಗೆ ಕ್ಷಮೆ ಕೊಡಿಸಿದರು. ಎಂದಿನಂತೆ ನಾನು ಬರೆದೆ: "ತಿಮ್ಮಕ್ಕನ ಮಗ ನಂಜುಂಡನಾದ ನಾನು ಬುದ್ಧಿ ತಪ್ಪಿ ಪಟೇಲರ ಟಗರನ್ನು ಕದ್ದು ಸಂತೆಯಲ್ಲಿ ಮಾರಿದ್ದು ನಿಜ. ನನ್ನ ಬಡತನವನ್ನು ನೋಡಿ ಕ್ಷಮಿಸಿರುತ್ತಾರೆ..." ಹೀಗೆ ಒಂದು ಪುಟ. ನಂಜುಂಡ ರುಜು ಹಾಕಿದ. ತಿಮ್ಮಕ್ಕ ಮಾತ್ರ ಹೋಗಲೊಲ್ಲಳು. ಈ ಕಾಗದ ನಾಳೆ ನನ್ನ ಮಗ ಮೇಷ್ಟ್ರಾದಾಗ ಯಾರ ಕಣ್ಣಿಗಾದರೂ ಬಿದ್ದರೆ ಏನು ಗತಿ ಎಂದು ಕೇಳಿದಳು.

ಗೌಡರು ಟ್ರಂಕಿನ ಮುಚ್ಚಳ ಹಾಕಿ ಅದರ ಮೇಲೆ ಕೈಯೂರಿದರು. "ಇದು ಈ ಟ್ರಂಕ್ ಬುಟ್ಟು ಆಚಿಕ್ ಬರಕಿಲ್ಲ ಕಣಮ್ಮ. ನಾನ್ ಸತ್ರೆ ನನ್ ಜೊತೆಗೇ ಮಣ್ಣಾಯ್ತದೆ. ಓಗು, ಮಗನ್ನ ಓದ್ಸು," ಎಂದರು. ನಂಜುಂಡನ ಮೈಸೂರು ಖರ್ಚನ್ನೂ ಯಾರು ಯಾರಿಗೋ ಹೇಳಿ ಅವರೇ ಹೊಂದಿಸಿಕೊಟ್ಟರು. ಎರಡು ವರ್ಷ ಕಳೆದು ಅವನು ನಿಡಘಟ್ಟದಲ್ಲಿ ಮೇಷ್ಟ್ರಾದ. ಆ ಸುದ್ದಿ ಬಂದ ದಿನ ಗೌಡರು ಇಡೀ ಠಾಣೆಗೆ ಕಡಲೆಪುರಿ ಹಂಚಿದರು.

ಆಮೇಲೆ ಅವರಿಗೆ ರಾಜಕೀಯದ ಗಾಳಿ ಬಡಿಯಿತು. ಬಡಿಯಿತು ಎನ್ನುವುದಕ್ಕಿಂತ ಊರವರೇ ಬೀಸಿದರು ಎನ್ನಬೇಕು. ದಸರೆಯ ಹೊತ್ತಿಗೆ ಮೈಸೂರಲ್ಲಿ ಕೂಡುತ್ತಿದ್ದ ಮಹಾರಾಜರ ಪ್ರಜಾಪ್ರತಿನಿಧಿಗಳ ಸಭೆಗೆ ನಮ್ಮ ಕಡೆಯಿಂದ ಒಬ್ಬ ಮೆಂಬರು ಹೋಗಬೇಕು. ಕಂದಾಯ ಕಟ್ಟುವವರಿಗೆ ಮಾತ್ರ ಓಟು. ಆ ಕಂದಾಯದವರಲ್ಲಿ ಗೌಡರ ಚಾಪೆಯ ಮುಂದೆ ಕುಕ್ಕರುಗಾಲಲ್ಲಿ ಕೂತೆದ್ದು ಬರದವರು ಕಡಿಮೆ. ಗೌಡರು ಅವಧಿಗೆ ಮುಂಚೆಯೇ ಪಿಂಚಣಿ ಬರೆಸಿಕೊಂಡು ನಿಂತರು, ಗೆದ್ದರು. ಕೆಲಸ ಬಿಟ್ಟ ದಿನ ಟ್ರಂಕನ್ನು ಗಾಡಿಗೆ ಏರಿಸುವಾಗ ನಾನು, ಇನ್ನಾದರೂ ಅದನ್ನು ಸುಟ್ಟುಹಾಕಿಬಿಡೋಣ ಸ್ವಾಮಿ ಎಂದೆ. ಅವರಿಗೆ ನೋವಾಯಿತು. ಇಷ್ಟು ವರ್ಷದ ನೌಕರಿಯಲ್ಲಿ ತಾನು ಸಂಪಾದಿಸಿದ್ದು ಅದೊಂದೇ, ಒಂದೊಂದು ಕಾಗದವೂ ಉಳಿದ ಒಂದೊಂದು ಸಂಸಾರ ಎಂದರು. ನಾನು ಗಟ್ಟಿಯಾಗಿ ಹೇಳಲಿಲ್ಲ. ಅದು ನನ್ನ ದೊಡ್ಡ ತಪ್ಪು. ಎತ್ತಿನದು ಏನೂ ಅಲ್ಲ.

ಮೆಂಬರಾಗಿ ಅವರು ಒಳ್ಳೆಯದನ್ನೇ ಮಾಡಿದರು. ಎರಡು ಬಾವಿ, ಒಂದು ರಸ್ತೆ, ನಿಡಘಟ್ಟದ ಶಾಲೆಗೆ ಹೆಂಚಿನ ಮಾಡು. ಆದರೆ ಜರಿಪೇಟ ಬಂದಮೇಲೆ ಚಾಪೆ ಹೋಯಿತು. ಅವರ ಜಗುಲಿಯ ತುಂಬ ಹೌದಪ್ಪಗಳು ಸೇರಿಕೊಂಡರು. ಮೊದಲೆಲ್ಲ ಬೈದರೆ ಎದುರು ಬೈಯುವವರಿದ್ದರು, ಈಗ ಅವರು ಸೀನಿದರೂ ತಲೆದೂಗುವವರು. ನಾನು ಹಬ್ಬಕ್ಕೆ ಹೋದರೆ "ಅಯ್ನೋರು ಬಂದ್ರು" ಎಂದು ಅದೇ ದನಿಯಲ್ಲಿ ಕರೆಯುವರು, ಅಷ್ಟರಲ್ಲಿ ಯಾರೋ ನಡುವೆ ಬಂದು ಕಿವಿಗೆ ಬಾಯಿಡುವರು.

ಎರಡನೇ ಸಲದ ಚುನಾವಣೆಯ ಹೊತ್ತಿಗೆ ಕಾಲ ತಿರುಗಿತ್ತು. ಖಾದಿ ಟೋಪಿಯ ಹುಡುಗರು ಹಳ್ಳಿ ಹಳ್ಳಿಗೆ ಬರುತ್ತಿದ್ದರು. ಅವರ ಪರವಾಗಿ ಮದ್ದೂರಿನ ಸುತ್ತ ಎಲ್ಲರಿಗಿಂತ ಚೆನ್ನಾಗಿ ಮಾತಾಡುತ್ತಿದ್ದವನು ನಂಜುಂಡ ಮೇಷ್ಟ್ರು. ಗೌಡರು ಒಳ್ಳೆಯವರೇ, ಆದರೆ ಅರಮನೆ ಕಡೆ ಕೈಮುಗಿದು ನಿಂತವರು ನಮ್ಮ ಪರ ಬಾಯಿ ಬಿಡುವುದಿಲ್ಲ ಎಂದು ಅವನು ಹೇಳುತ್ತಿದ್ದ. ಹೌದಪ್ಪಗಳು ಅದಕ್ಕೆ ಒಗ್ಗರಣೆ ಹಾಕಿ ಗೌಡರ ಕಿವಿಗೆ ಬಡಿಸಿದರು.

ಸಭೆಗಳಲ್ಲಿ ಯಾರು ಏನು ಮಾತಾಡಿದರೆಂದು ಬರೆದು ಮೇಲಕ್ಕೆ ಕಳಿಸುವುದು ಆಗ ನಮ್ಮ ಠಾಣೆಗಳಿಗೆ ಹೊಸದಾಗಿ ಬಂದ ಕೆಲಸ. ಕಳ್ಳರ ಚಹರೆ ಬರೆಯುತ್ತಿದ್ದ ನಾವು ಭಾಷಣದ ಚಹರೆ ಬರೆಯಬೇಕಾಯಿತು. ಮದ್ದೂರಿನ ಸಂತೆಯ ದಿನ ಗೌಡರ ಸಭೆ. ವೇದಿಕೆಯ ಪಕ್ಕ ಒಂದು ಸ್ಟೂಲಿನ ಮೇಲೆ ಪುಸ್ತಕ ಹಿಡಿದು ಕೂತಿದ್ದವನು ನಾನು. ನಂಜುಂಡ ಮುಂದಿನ ಸಾಲಿನಲ್ಲೇ ಇದ್ದ. ಗೌಡರ ಮಾತಿನ ನಡುವೆ ಎದ್ದು, ಮರ್ಯಾದೆಯಿಂದಲೇ, ನಾಲೆಯ ಕೊನೆಯ ಹಳ್ಳಿಗಳಿಗೆ ನೀರು ಯಾವಾಗ ಎಂದು ಕೇಳಿದ. ಜನ ನಕ್ಕರು. ನಗಬಾರದಿತ್ತು.

ಗೌಡರ ಮುಖ ಕೆಂಪಾಯಿತು. ಪಕ್ಕದಲ್ಲಿದ್ದವನು ಒಂದು ಕಾಗದ ಕೈಗಿಟ್ಟ. ಮೊದಲೇ ತೆಗೆಸಿಟ್ಟಿದ್ದರು ಎಂದಾಯಿತು. ಗೌಡರು ಓದತೊಡಗಿದರು. ಆಡಿದ್ದೆಲ್ಲವನ್ನೂ ಬರೆದುಕೊಳ್ಳುವುದು ನನ್ನ ಕೆಲಸ, ಕೈ ತನ್ನಷ್ಟಕ್ಕೆ ಓಡುತ್ತಿತ್ತು. ಎರಡು ಸಾಲು ಬರೆದಮೇಲೆ ತಿಳಿಯಿತು, ಈ ವಾಕ್ಯ ನನ್ನದೇ. "ಬುದ್ಧಿ ತಪ್ಪಿ" ಎಂದದ್ದು ನಾನು, "ನನ್ನ ಬಡತನವನ್ನು ನೋಡಿ" ಎಂದದ್ದು ನಾನು. ಆ ಹುಡುಗನ ಮೇಲೆ ಕನಿಕರ ಬರಲಿ ಎಂದು ಹುಡುಕಿ ಹುಡುಕಿ ಹಾಕಿದ ಮಾತುಗಳೆಲ್ಲ ಸಂತೆಯ ನಡುವೆ ಅವನ ಮೈಮೇಲಿನ ಬಟ್ಟೆ ಬಿಚ್ಚುತ್ತಿದ್ದವು. ಸಂತೆಗೆ ಸೊಪ್ಪು ಮಾರಲು ಬಂದು ಕುಕ್ಕೆಯ ಹಿಂದೆ ಕೂತಿದ್ದ ತಿಮ್ಮಕ್ಕನನ್ನು ನಾನು ನೋಡಿದೆ. ಅವಳು ಅಳಲಿಲ್ಲ. ಕುಕ್ಕೆಯನ್ನು ಅಲ್ಲೇ ಬಿಟ್ಟು, ಮಗನ ರಟ್ಟೆ ಹಿಡಿದು, ಜನರ ನಡುವೆ ದಾರಿ ಮಾಡಿಕೊಂಡು ಹೋದಳು.

ಚಪ್ಪಾಳೆ ಬರುತ್ತದೆಂದು ಗೌಡರು ಕಾದರು. ಬರಲಿಲ್ಲ. ಕೊತ್ತತ್ತಿಯ ಬೋರಯ್ಯ, ಆ ಗುದ್ದಲಿಯ ಜಗಳದ ಅಣ್ಣ, ನಿಧಾನಕ್ಕೆ ಎದ್ದು ನಿಂತ.

"ಗೌಡ್ರೇ, ನಮ್ದೂ ಐತಾ ಅದ್ರಲ್ಲಿ?" ಎಂದ.

ಆಮೇಲೆ ಒಬ್ಬೊಬ್ಬರೇ ಹೆಗಲ ಟವಲು ಸರಿಮಾಡಿಕೊಂಡು ಎದ್ದರು. ಅರ್ಧ ಗಂಟೆಯಲ್ಲಿ ವೇದಿಕೆಯ ಮುಂದೆ ಬರೀ ನೆಲ.

ಸಂಜೆ ಹೌದಪ್ಪಗಳಿಬ್ಬರು ಠಾಣೆಗೆ ಬಂದರು. ಓದಿದ ಕಾಗದದ ಜಾಗದಲ್ಲಿ 'ಇತ್ಯಾದಿ' ಎಂದು ಬರೆದು ಮುಗಿಸಿಬಿಡಿ ಎಂದರು. ಒಂದು ಪದದ ಮಾತು. ಬರೆದಿದ್ದರೆ ಗೌಡರೂ ಉಳಿಯುತ್ತಿದ್ದರು, ನಾನೂ ಉಳಿಯುತ್ತಿದ್ದೆ. ಲೇಖನಿ ಹಿಡಿದು ಬಹಳ ಹೊತ್ತು ಕೂತೆ. ಆ ಮನುಷ್ಯರ ಮನೆಯ ಮುದ್ದೆ ತಿಂದಿದ್ದೇನೆ. ನನ್ನ ಮಗಳ ಮದುವೆಯಲ್ಲಿ ಅವರು ಪಂಚೆ ಎತ್ತಿಕಟ್ಟಿ ನೀರು ಹೊತ್ತವರು. ಆದರೂ ಅಕ್ಷರ ಬಿಡದೆ ಪೂರ್ತಿ ಬರೆದೆ. ಕೆಳಗೆ, ಈ ಮುಚ್ಚಳಿಕೆ ಠಾಣೆಯಲ್ಲಿ ಬರೆದದ್ದು, ಬರೆದವನು ನಾನೇ, ದಫ್ತರಕ್ಕೆ ಸೇರಿಸಿಲ್ಲ ಎಂದೂ ಬರೆದು ಕಳಿಸಿದೆ.

ಮೂರು ದಿನ ಬಿಟ್ಟು ಗೌಡರಿಂದ ಕರೆ ಬಂತು. ಹೆದರಿಕೊಂಡೇ ಹೋದೆ. ಜಗುಲಿಯಲ್ಲಿ ಹೌದಪ್ಪಗಳಿರಲಿಲ್ಲ. ಪೇಟವಿಲ್ಲದ ಬೋಳುತಲೆಯಲ್ಲಿ ಗೌಡರು ಟ್ರಂಕಿನ ಮುಂದೆ ಕೂತಿದ್ದರು. ಅಂಗಳದ ತುಂಬ ಜನ. ತಂತಮ್ಮ ಕಾಗದ ವಾಪಸು ಕೇಳಲು ಬಂದಿದ್ದರು.

"ಬರ್ದು ಕಳ್ಸುದ್ರಂತೆ," ಎಂದರು.

ಕಳಿಸಿದೆ ಸ್ವಾಮಿ ಎಂದೆ.

"ಒಳ್ಳೇದಾಯ್ತು, ಕುಂತ್ಕಳಿ. ಇವ್ರ್ಗೆ ಓದಕ್ ಬರಕಿಲ್ಲ, ಯಾರ್ದು ಯಾವ್ದು ಅಂತ ನೋಡಿ ಕೊಡಿ."

ಬೆಳಗಿನಿಂದ ಸಂಜೆಯವರೆಗೆ ಕೊಟ್ಟೆ. ಹೆಸರು ಕೂಗದೆ, ಹತ್ತಿರ ಬಂದವರ ಮುಖ ನೋಡಿ ತೆಗೆದು ಕೊಡುತ್ತಿದ್ದೆ. ಸಾಲಿನಲ್ಲಿ ಅಳಿಯನ ಹಿಂದೆ ಮಾವ, ಪಟೇಲರ ಹಿಂದೆ ತಳವಾರ. ಒಬ್ಬರನ್ನೊಬ್ಬರು ನೋಡಿ, ನೀನು ಯಾಕ್ಲಾ ಇಲ್ಲಿ ಎಂದು ಕೇಳುವ ಹಾಗಿಲ್ಲ. ಗೌಡರ ಹೆಂಡತಿ ಎಲ್ಲರಿಗೂ ಮಜ್ಜಿಗೆ ಕೊಟ್ಟರು. ಕೆಲವರು ಕುಡಿದರು, ಕೆಲವರು ಒಲ್ಲೆ ಎಂದರು. ನಿಮ್ಮ ಮಾತು ಮುರಿಯುವಷ್ಟು ಏನಾಯಿತು ಸ್ವಾಮಿ ಎಂದು ನಡುವೆ ಮೆಲ್ಲಗೆ ಕೇಳಿದೆ. ಗೌಡರು, ತಾನು ಸಾಕಿದ ಮರಿಯೇ ಹಾಯಲು ಬಂತಲ್ಲ ಎಂದು ಸಿಟ್ಟು ಬಂತು, ಮರಿ ಯಾರದೂ ಅಲ್ಲ ಎಂಬುದು ಮರೆತುಹೋಗಿತ್ತು ಎಂದರು.

ಟ್ರಂಕು ಬರಿದಾದಮೇಲೆ ತಿಮ್ಮಕ್ಕ ಬಂದಳು. ಸಂತೆಯ ಮಾರನೆಯ ದಿನವೇ ಶಾಲೆ ನಡೆಸುವವರು ನಂಜುಂಡನನ್ನು ಕೆಲಸದಿಂದ ತೆಗೆದಿದ್ದರು. ಅವನು ಮೂಲೆ ಹಿಡಿದು ಮಲಗಿದ್ದಾನೆ, ಅನ್ನ ಮುಟ್ಟುತ್ತಿಲ್ಲ ಎಂದು ನನಗೆ ಹೇಳಿ, ಗೌಡರ ಕಡೆ ತಿರುಗಿದಳು.

"ಕಾಗ್ದ ಕೊಡಿ ಅಂತ ಬಂದಿಲ್ಲ ಗೌಡ್ರೇ. ಅದ್ನ ಸಂತೇಲೇ ಕೊಟ್ಬುಟ್ರಿ. ಆವತ್ತು ಒಂದ್ ಮಾತ್ ಕೊಟ್ಟಿದ್ರಲ್ಲ, ಅದೆಲ್ಲದೆ? ಅದ್ನ ಕೊಡಿ."

ಗೌಡರು ತಲೆ ತಗ್ಗಿಸಿದರು. ಅಷ್ಟು ದೊಡ್ಡ ಶರೀರ ಅಷ್ಟು ಚಿಕ್ಕದಾದದ್ದನ್ನು ನಾನು ಹಿಂದೆ ಕಂಡಿರಲಿಲ್ಲ; ನನಗೆ ಅಳು ಬಂತು. ತಲೆ ಎತ್ತದೆಯೇ, "ಅಯ್ನೋರೇ, ಬರ್ಕಳಿ," ಎಂದರು. ನಾನು ಬರೆದೆ. ಪುಟ್ಟಚನ್ನೇಗೌಡನಾದ ನಾನು ತಿಮ್ಮಕ್ಕನಿಗೆ ಬರೆದುಕೊಟ್ಟ ಮುಚ್ಚಳಿಕೆ ಏನೆಂದರೆ, ನಿನ್ನ ಮಗನ ತಪ್ಪು ಅಂದೇ ತೀರಿತ್ತು, ಟಗರು ಯಜಮಾನನಿಗೆ ಸೇರಿತ್ತು, ಅವನ ಮೇಲೆ ಯಾವ ಕಳಂಕವೂ ಇಲ್ಲ. ಠಾಣೆಯ ಕಾಗದವನ್ನು ಮನೆಗೆ ಒಯ್ದವನು ನಾನು, ಕೊಟ್ಟ ಮಾತಿಗೆ ತಪ್ಪಿ ಓಟಿಗಾಗಿ ಓದಿದವನು ನಾನು. ಇದನ್ನು ನೀನು ಯಾರಿಗೆ ಬೇಕಾದರೂ ತೋರಿಸಬಹುದು.

ರುಜು ಹಾಕುವ ಮುಂಚೆ ನಾನು ತಡೆದೆ. ನಾನು ಬರೆದು ಕಳಿಸಿದ್ದರ ಮೇಲೆ ವಿಚಾರಣೆಗೆ ಮೈಸೂರಿನಿಂದ ಪೋಲೀಸು ಸಾಹೇಬರು ಬರುವವರಿದ್ದಾರೆ, ಇದು ಅವರ ಕೈ ಸೇರಿದರೆ ಮೆಂಬರಗಿರಿಯ ಜೊತೆ ಪಿಂಚಣಿಯೂ ಹೋಗುತ್ತದೆ ಎಂದು ಬಿಡಿಸಿ ಹೇಳಿದೆ.

"ಓಗ್ಲಿ ಬುಡಿ. ಊರೋರ್ದೆಲ್ಲ ನನ್ತಾವ ಇತ್ತು. ನಂದೂ ಒಬ್ರತಾವ ಇರ್ಲಿ," ಎಂದು ರುಜು ಹಾಕಿದರು. ತಿಮ್ಮಕ್ಕ ನನ್ನಿಂದ ಎರಡು ಸಲ ಓದಿಸಿ ಕೇಳಿ, ಮಡಿಸಿ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡಳು.

ವಿಚಾರಣೆಯ ದಿನ ಅವಳು ಅದನ್ನು ಸಾಹೇಬರ ಮೇಜಿನ ಮೇಲಿಟ್ಟಳು. ಅಕ್ಷರ ಯಾರದೆಂದು ಕೇಳಿದರು, ನನ್ನದೆಂದೆ. ರುಜು ಯಾರದೆಂದು ಕೇಳಿದರು, ಗೌಡರು ಎದ್ದು ನಿಂತು ತಮ್ಮದೆಂದರು, ಯಾರೂ ಬಲವಂತ ಮಾಡಿಲ್ಲವೆಂದೂ ಸೇರಿಸಿದರು. ನಂಜುಂಡನ ಮೇಲೆ ಆಪಾದನೆ ಇಲ್ಲವೆಂದು ಸಾಹೇಬರು ಶಾಲೆಯವರಿಗೆ ಬರೆದರು. ತಿಂಗಳೊಳಗೆ ಅವನು ಮತ್ತೆ ಮೇಷ್ಟ್ರಾದ. ಗೌಡರ ಪಿಂಚಣಿ ನಿಂತಿತು. ಚುನಾವಣೆಯಲ್ಲಿ ಅವರ ಸ್ವಂತ ಊರಿನವರೂ ಕೈಬಿಟ್ಟರು. ನನ್ನ ತೋಳಿನ ದಫೇದಾರನ ಪಟ್ಟಿ ಕಿತ್ತು ದೂರದೂರಿಗೆ ಹಾಕಿದರು. ನನಗೆ ಅದರಲ್ಲಿ ಅನ್ಯಾಯ ಕಾಣಲಿಲ್ಲ.

ವಿಚಾರಣೆ ಮುಗಿದು ಎಲ್ಲರೂ ಏಳುವಾಗ ತಿಮ್ಮಕ್ಕ ಕೈಚಾಚಿ ತನ್ನ ಕಾಗದ ಕೇಳಿದಳು. ಅದು ಇನ್ನು ಸರ್ಕಾರದ್ದು, ಕೊಡುವಂತಿಲ್ಲ ಎಂದು ಸಾಹೇಬರು ಕಡತಕ್ಕೆ ಸೇರಿಸಿ ದಾರ ಕಟ್ಟಿದರು.

"ಈ ಸಾಯೇಬ್ರೂ ಟ್ರಂಕ್ ಮಡಿಕಂಡವ್ರಾ?" ಎಂದು ಅವಳು ಗೌಡರನ್ನೇ ಕೇಳಿದಳು.

ಗೌಡರು ನಕ್ಕುಬಿಟ್ಟರು. ಎಷ್ಟೋ ವಾರಗಳ ಮೇಲೆ ಕೇಳಿದ ಆ ನಗುವಿಗೆ ಸಾಹೇಬರೂ ಬೆಚ್ಚಿದರು. "ಇರ್ಲಿ ಬುಡಮ್ಮ, ಅಲ್ಲಿ ಭದ್ರವಾಗಿರ್ತದೆ," ಎಂದು ಅವಳಿಗೆ ದಾರಿ ಬಿಟ್ಟು, ಅವಳ ಹಿಂದೆ ತಾವು ಮೆಟ್ಟಿಲಿಳಿದರು. ಮೂರು ಠಾಣೆಗಳಲ್ಲಿ ಗೌಡರು ಹೇಳಿ ನಾನು ಬರೆದ ಮುಚ್ಚಳಿಕೆಗಳಲ್ಲಿ ಸರ್ಕಾರದ ದಫ್ತರ ಸೇರಿದ್ದು ಅದೊಂದೇ, ಅವರದು.